ಕೂಗಿ ಹೇಳಿದ ಅಳತೆ

ಅಂಗಡಿಯ ಮೇಜಿನಿಂದ,
ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಕಟ್ಟುತ್ತಿರುವ ಸೇತುವೆಯ ಕೆಳಗೆ ನಿಂತು ಸಿಮೆಂಟಿನ ದೂಳು ಕುಡಿದರೆ ಗಂಟಲು ಇನ್ನೇನಾಗಬೇಕು ಹೇಳು. ಮೂಗಿಗೊಂದು ಬಟ್ಟೆ ಕಟ್ಟಿಕೋ ಎಂದರೆ ಎಂಜಿನಿಯರಮ್ಮನಿಗೆ ನಾಚಿಕೆ. ಅಳಿಯಂದಿರ ಮಂಡಿನೋವು ಹೇಗಿದೆ? ನಾನು ಗಟ್ಟಿಯಾಗಿದ್ದೇನೆ. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಕಣ್ಣು ಕೈಕೊಡುತ್ತದೆ. ಆಗ ನಿನ್ನ ಮಗಳನ್ನು ಕರೆದರೆ ಓದುತ್ತಿರುವ ಪುಸ್ತಕ ಕೆಳಗಿಡದೆಯೇ ಪೋಣಿಸಿ ಕೊಟ್ಟು ಹೋಗುತ್ತಾಳೆ. ಫೋನಿನಲ್ಲಿ ಹೇಳದೆ ಅಮ್ಮ ಯಾಕೆ ಕಾಗದ ಬರೆಯಲು ಕೂತಳು ಎಂದು ಗಾಬರಿಯಾಗಬೇಡ. ನಿಮ್ಮ ಕಡೆಯ ಸಿಗ್ನಲ್ ಅರ್ಧ ಮಾತಿಗೇ ಕಡಿದುಹೋಗುತ್ತದೆ, ಇದು ಅರ್ಧ ಹೇಳಿ ಬಿಡುವ ಸುದ್ದಿಯಲ್ಲ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಈಗ ಸುಧಾರಿಸಿದ್ದಾಳೆ. ಅಷ್ಟೇ ಅಲ್ಲ, ಹದಿನಾಲ್ಕು ವರ್ಷದ ಆ ಹುಡುಗಿ ಮಾಡಿದ ಕೆಲಸ ನೋಡಿ ನನ್ನ ಎದೆ ತುಂಬಿದೆ.

ಅವಳಿಗೆ ಸ್ವಲ್ಪ ಸುಸ್ತು, ಡಾಕ್ಟರಿಗೆ ತೋರಿಸಿದ್ದೇನೆ ಎಂದು ಸೆಪ್ಟೆಂಬರಿನಲ್ಲಿ ನಿನಗೆ ಹೇಳಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ನಡೆದದ್ದು ಹೀಗೆ. ಪ್ರತಿ ವರ್ಷದಂತೆ ಜೂನ್‌ನಲ್ಲಿ ಯೂನಿಫಾರ್ಮಿನ ಅಳತೆಗೆ ಅವರ ಶಾಲೆಗೆ ಹೋಗಿದ್ದೆ. ನಾನು ಟೇಪು ಹಿಡಿದು ಕೂಗುವುದು, ಅವಳು ಪಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ನನ್ನ ಗಂಟಲು ನಿನಗೆ ಗೊತ್ತಲ್ಲ, ನಲವತ್ತು ವರ್ಷ ಮೆಷಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದದ್ದು. ಎಂಟನೇ ಕ್ಲಾಸಿನಿಂದ ಮೇಲಿನ ಹುಡುಗಿಯರೆಲ್ಲ ಟೇಪು ಸೊಂಟಕ್ಕೆ ಬರುತ್ತಲೇ ಉಸಿರು ಒಳಗೆಳೆದುಕೊಂಡು ನಿಲ್ಲುತ್ತಿದ್ದರು. ಹುಡುಗರು ಎದೆ ಉಬ್ಬಿಸಿಕೊಂಡು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರು. "ಉಸಿರು ಬಿಡ್ರೋ, ಹೊಲಿಗೆ ಬಿಟ್ಕೊಂಡ್ರೆ ನನ್ನನ್ನ ಬೈಬೇಡಿ" ಎಂದು ತಮಾಷೆ ಮಾಡುತ್ತಿದ್ದೆ. ಕೊನೆಯಲ್ಲಿ ನಿನ್ನ ಮಗಳ ಸರದಿ. ಸೊಂಟಕ್ಕೆ ಟೇಪು ಸುತ್ತಿದವಳೇ ಇಡೀ ಕ್ಲಾಸಿಗೆ ಕೇಳುವಂತೆ ಕೂಗಿದೆ, "ಅಬ್ಬಾ, ಒಂದೇ ವರ್ಷಕ್ಕೆ ನಾಲ್ಕಿಂಚು! ನನ್ನ ಕೈ ಊಟ ಚೆನ್ನಾಗೇ ಹಿಡಿಸಿದೆ!" ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವಳು ತಲೆ ಬಗ್ಗಿಸಿ ತನ್ನ ಅಳತೆಯನ್ನು ತಾನೇ ಬರೆದುಕೊಂಡಳು. ಮಾರನೆಯ ದಿನದಿಂದ ಶಾಲೆಯಲ್ಲಿ ಅವಳ ಹೆಸರು "ನಾಲ್ಕಿಂಚು" ಆಯಿತಂತೆ. ಇದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ.

ಆಗಸ್ಟಿನಲ್ಲಿ ಒಂದು ದಿನ ಸ್ಕರ್ಟ್ ತಂದು, "ಅಜ್ಜಿ, ಹುಕ್ ಸ್ವಲ್ಪ ಒಳಗೆ ಹಾಕ್ಕೊಡು" ಎಂದಳು. ಹಾಕಿಕೊಟ್ಟು, "ಭೇಷ್, ಬಳ್ಳಿ ಥರ ಆಗ್ತಿದ್ದೀಯ" ಎಂದು ಬೆನ್ನು ತಟ್ಟಿದೆ. ಆ ಮಾತನ್ನು ನೆನೆದರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಸೆಪ್ಟೆಂಬರಿನಲ್ಲಿ ಇಸ್ತ್ರಿ ಮಾಡಲು ಅದೇ ಸ್ಕರ್ಟ್ ಕೈಗೆತ್ತಿಕೊಂಡಾಗ ಹುಕ್ಕಿನ ಜಾಗ ಮತ್ತೆ ಬದಲಾಗಿತ್ತು. ನನ್ನ ಹೊಲಿಗೆಯಲ್ಲ; ಅಂಕುಡೊಂಕಾಗಿ, ಗಂಟು ಹಾಕಿ, ಯಾರಿಗೂ ತಿಳಿಯದಂತೆ ಅವಳೇ ಹಾಕಿಕೊಂಡದ್ದು. ಹಳೆಯ ಜಾಗಗಳಲ್ಲಿ ಸೂಜಿಯ ತೂತುಗಳು ಉಳಿದಿದ್ದವು, ಎಣಿಸಿದರೆ ನಾಲ್ಕು ಸಾಲು. ಆಮೇಲೆ ಅಂಗಿಯ ಹೆಗಲು ಹಿಡಿದು ನೋಡಿದೆ, ಕಂಕುಳು ನೋಡಿದೆ. ನಾನೇ ಕತ್ತರಿಸಿದ ಬಟ್ಟೆ ಅದು. ಅದರೊಳಗೆ ಎಷ್ಟು ಹುಡುಗಿ ಇರಬೇಕು, ಎಷ್ಟು ಇಲ್ಲ ಎನ್ನುವುದು ನನ್ನ ಬೆರಳಿಗೆ ಗೊತ್ತು. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕೂತೆ. ಡಬ್ಬಿ ಯಾಕೆ ದಿನಾ ತೊಳೆದಿಟ್ಟಂತೆ ವಾಪಸು ಬರುತ್ತಿತ್ತು, ತಲೆ ಬಾಚಿದರೆ ಹಣಿಗೆ ತುಂಬ ಕೂದಲು ಯಾಕೆ, ಎಲ್ಲ ಒಟ್ಟಿಗೇ ಹೊಳೆಯಿತು. ಆ ವಾರವೇ ಅವಳು ಶಾಲೆಯ ಮೆಟ್ಟಿಲಿನ ಮೇಲೆ ತಲೆ ಸುತ್ತಿ ಕೂತಳು.

ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿ ಅವಳ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನನ್ನನ್ನು ಕರೆದು, "ಇದು ಹಟ ಅಲ್ಲ, ಅಜ್ಜಿ. ಕಾಯಿಲೆಯ ಬಾಗಿಲವರೆಗೆ ಹೋಗಿದ್ದಾಳೆ. ಬೈದು ತಿನ್ನಿಸೋಕೆ ಹೋಗ್ಬೇಡಿ, ಜೊತೇಲಿ ಕೂತು ತಿನ್ನಿ" ಎಂದರು. ವಾರಕ್ಕೊಮ್ಮೆ ಬಂದು ಆಪ್ತಸಲಹೆಗಾರರ ಹತ್ತಿರ ಮಾತಾಡಬೇಕು ಎಂದೂ ಹೇಳಿದರು. ಮನೆಗೆ ಬರುವ ದಾರಿಯಲ್ಲಿ ನಾನು ಶಾಲೆಯ ಹುಡುಗಿಯರನ್ನೂ, ಫೋನಿನಲ್ಲಿ ಬರುವ ಬಡಕಲು ಸುಂದರಿಯರನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವಳು ನಿಂತಳು. "ಅಜ್ಜಿ, ಶುರುವಾಗಿದ್ದು ಫೋನಿಂದ ಅಲ್ಲ. ನಿನ್ನ ಬಾಯಿಂದ" ಎಂದಳು. ಸಿಟ್ಟಿಲ್ಲದೆ ಹೇಳಿದಳು, ಮಗಳೇ. ಜಾರಿದ ದುಪಟ್ಟಾ ಸರಿಮಾಡಿಕೋ ಎಂದು ಹೇಳಿದ ಹಾಗೆ. ಅಷ್ಟು ಧೈರ್ಯ ಆ ವಯಸ್ಸಿನಲ್ಲಿ ನನಗಿರಲಿಲ್ಲ.

ಅಂದಿನಿಂದ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಮೆಷಿನ್ ಬಂದ್. ನಾನು ಜನ್ಮದಲ್ಲಿ ಕೂತು ಉಂಡವಳಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕತ್ತರಿ. "ನೀನು ಕೂತ್ರೆ ನಾನೂ ಕೂತ್ಕೋತೀನಿ" ಎಂದು ಅವಳೇ ಷರತ್ತು ಹಾಕಿದಳು. ಶಾಲೆಯ ದಿನಗಳಲ್ಲಿ ಡಬ್ಬಿ ತುಂಬಿಸಿಕೊಂಡು ಗೇಟಿನ ಪಕ್ಕದ ಬೆಂಚಿಗೆ ನಾನೇ ಹೋಗುತ್ತೇನೆ. ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ. ಕೆಲವು ದಿನ ಅವಳು ಎರಡು ತುತ್ತಿಗೇ ಕೈ ಹಿಂದೆಗೆಯುತ್ತಿದ್ದಳು, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಎದ್ದು ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೂರನೆಯ ತುತ್ತು ತೆಗೆದುಕೊಳ್ಳುತ್ತಿದ್ದಳು. ಆ ಮೂರನೆಯ ತುತ್ತಿಗೆ ಎಷ್ಟು ಬಲ ಬೇಕಿತ್ತೋ ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಹೋದ ವಾರದ ಸಂಗತಿ. ಶಾಲೆಯಲ್ಲಿ ಆರೋಗ್ಯ ತಪಾಸಣೆ. ಕಾರಿಡಾರಿನಲ್ಲಿ ತೂಕದ ಯಂತ್ರ ಇಟ್ಟು ಪಿ.ಟಿ. ಮೇಷ್ಟ್ರು ಒಬ್ಬೊಬ್ಬರ ತೂಕವನ್ನೂ ಕೂಗುವುದು, ಆ ಕೊನೆಯಲ್ಲಿ ಕೂತ ಟೀಚರ್ ಬರೆದುಕೊಳ್ಳುವುದು ಅಲ್ಲಿನ ಪದ್ಧತಿ. ಅರ್ಧ ಕ್ಲಾಸು ಬೆಳಗಿನ ತಿಂಡಿ ಬಿಟ್ಟು ಬಂದಿತ್ತಂತೆ, ಕೆಲವರು ನೀರೂ ಕುಡಿದಿರಲಿಲ್ಲ. ನಿನ್ನ ಮಗಳ ಹಿಂದೆ ನಿಂತ ಹುಡುಗಿ ಬೆಲ್ಟು ಬಿಚ್ಚಿ, ಶೂ ಬಿಚ್ಚಿ, ಕೊನೆಗೆ ಬಿಚ್ಚಲು ಏನೂ ಉಳಿಯದೆ ಅಳುತ್ತಿದ್ದಳಂತೆ. ಇವಳು ಯಂತ್ರದ ಮುಂದೆ ಹೋಗಿ ನಿಂತು, "ಸರ್, ತೂಕ ನೋಡಿ, ಬರ್ಕೊಳ್ಳಿ. ಆದ್ರೆ ಕೂಗ್ಬೇಡಿ" ಎಂದಳು. "ತೂಕದಲ್ಲೇನಮ್ಮ ಗುಟ್ಟು?" ಎಂದರಂತೆ ಮೇಷ್ಟ್ರು. "ಗುಟ್ಟಲ್ಲ ಸರ್, ಅದು ನಮ್ಮದು" ಎಂದಳು. ಯಂತ್ರ ಹತ್ತಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಹಿಂದಿನ ಸಾಲು ಹಾಗೇ ನಿಂತಿತು. ಮೇಷ್ಟ್ರಿಗೆ ಸಿಟ್ಟು ಬಂತು, ಹೆಡ್ ಮೇಡಂ ಹತ್ತಿರ ಕಳಿಸಿದರು, ನನಗೆ ಬುಲಾವ್ ಬಂತು.

ನಾನು ಹೋದಾಗ ಮೇಡಂ ಅವಳನ್ನು, "ಇದನ್ನೆಲ್ಲ ನಿನ್ನ ತಲೆಗೆ ತುಂಬಿದೋರು ಯಾರು?" ಎಂದು ಕೇಳುತ್ತಿದ್ದರು. ಅವಳು ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನ್ನನ್ನು ಕಾಪಾಡುತ್ತಿದ್ದಳು. ವರ್ಷ ವರ್ಷವೂ ಆ ಶಾಲೆಯ ಮಕ್ಕಳ ಬಟ್ಟೆ ಹೊಲಿದು ಗೌರವ ಸಂಪಾದಿಸಿದವಳು ನಾನು. ಆದರೂ ಹೇಳಿದೆ, "ಮೇಡಂ, ಈ ಕೂಗೋದನ್ನ ಶುರು ಮಾಡಿದ್ದು ನಾನು. ಜೂನ್‌ನಲ್ಲಿ ಇವಳ ಅಳತೆ ಕೂಗಿದೆ, ಇವಳು ಊಟ ಬಿಟ್ಟಳು. ತಪ್ಪು ನಂದು." ಮೇಷ್ಟ್ರು ತಡೆಯಲಾರದೆ, "ನಮ್ಮನ್ನೂ ಸ್ಕೂಲಲ್ಲಿ ಕಡ್ಡಿ ಅಂತಿದ್ರು ಬಿಡಿ. ನಾವೇನು ಸತ್ತೋದ್ವಾ?" ಎಂದರು. ಮೇಡಂ ತಮಾಷೆಗೆಂಬಂತೆ, "ಯಾರು ಸರ್ ಹಾಗಂದಿದ್ದು?" ಎಂದು ಕೇಳಿದರು. ಮೇಷ್ಟ್ರು ತಟ್ಟನೆ ಆ ಹುಡುಗನ ಹೆಸರು ಹೇಳಿದರು, ಯಾವ ತರಗತಿ ಹೇಳಿದರು, ಎಷ್ಟನೇ ಬೆಂಚು ಎಂದೂ ಹೇಳಿದರು. ಆಮೇಲೆ ಅವರೇ ಕತ್ತಿನಲ್ಲಿದ್ದ ಸೀಟಿಯನ್ನು ತಿರುವುತ್ತ, "ಸರಿ, ನಾಳೆಯಿಂದ ಚೀಟಿಯಲ್ಲಿ ಬರೆಯೋಣ" ಎಂದರು.

ಈಗ ಯಂತ್ರದ ಸುತ್ತ ಒಂದು ಪರದೆ ಇದೆ. ಯೂನಿಫಾರ್ಮ್ ಹೊಲಿದು ಉಳಿದ ನೀಲಿ ಬಟ್ಟೆಯಲ್ಲಿ ನಾನೇ ಹೊಲಿದದ್ದು. ಅಂಚು ಮಡಿಚಿದ್ದು ಅವಳು, ಈ ಸಲ ಹೊಲಿಗೆ ನೆಟ್ಟಗಿದೆ. ನನ್ನ ಅಂಗಡಿಯಲ್ಲೂ ಅಳತೆ ಈಗ ಪರದೆಯ ಹಿಂದೆ; ನಾನೇ ಬರೆದುಕೊಳ್ಳುತ್ತೇನೆ, ಬಾಯಿಗೆ ಬೀಗ. ಎಲ್ಲ ಸರಿಹೋಯಿತು ಎಂದು ಹೇಳಲಾರೆ. "ನಾಲ್ಕಿಂಚು" ಎನ್ನುವವರು ಇನ್ನೂ ಇಬ್ಬರಿದ್ದಾರೆ. ಕನ್ನಡಿಯ ಮುಂದೆ ಅವಳು ಒಮ್ಮೊಮ್ಮೆ ಬಹಳ ಹೊತ್ತು ನಿಲ್ಲುತ್ತಾಳೆ. ಇದಕ್ಕೆ ಕಾಲ ಬೇಕು ಎನ್ನುತ್ತಾರೆ ಡಾಕ್ಟರಮ್ಮ. ಆದರೆ ನಿನ್ನೆ ಸಂಜೆ ಆಟದ ಮೈದಾನದಿಂದ ಬೆವರು ಸುರಿಸುತ್ತ ಬಂದು, "ಅಜ್ಜಿ, ಹಸಿವಾಗ್ತಿದೆ" ಎಂದಳು. ಈ ಮಾತು ಕೇಳಿ ಎಷ್ಟು ತಿಂಗಳಾಗಿತ್ತು! ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ.

ಈ ಕಾಗದವನ್ನು ಅವಳಿಗೆ ತೋರಿಸದೆ ಕಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಓದಿದಳು, ಎರಡು ಸಾಲು ಹೊಡೆದುಹಾಕಿದಳು, ಅವು ಏನೆಂದು ಕೇಳಬೇಡ. ರಜೆಗೆ ಬಂದಾಗ ಬಾಗಿಲಲ್ಲೇ ಸೊರಗಿದ್ದೀಯ, ತುಂಬಿಕೊಂಡಿದ್ದೀಯ ಎಂದೇನೂ ಅನ್ನದೆ ಸುಮ್ಮನೆ ಅಪ್ಪಿಕೋ. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ, ಕೂತು ಉಣ್ಣಿ. ನೂರು ಕಾಲ ಚೆನ್ನಾಗಿರಿ.

ನಿನ್ನ,
ಅಮ್ಮ

ಅವಳು ಓದಿ ಎದ್ದುಹೋದ ಮೇಲೆ, ಲಕೋಟೆ ಅಂಟಿಸುವ ಮುಂಚೆ ಇದನ್ನು ಸೇರಿಸುತ್ತಿದ್ದೇನೆ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ, ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದಾಗ, ನಿನ್ನನ್ನು ಮುಂದೆ ನಿಲ್ಲಿಸಿ "ಇವಳೊಬ್ಬಳಿಗೇ ಇಬ್ಬರ ಬಟ್ಟೆ ಬೇಕು" ಎಂದು ಎಲ್ಲರನ್ನೂ ನಗಿಸಿದ್ದೆ. ನೀನೂ ನಕ್ಕಿದ್ದೆ. ಅಂದಿನಿಂದ ನನ್ನ ಕೈಯಲ್ಲಿ ನೀನು ಒಂದು ರವಿಕೆಯನ್ನೂ ಹೊಲಿಸಿಕೊಳ್ಳಲಿಲ್ಲ. ಟೈಲರ್ ಮಗಳಿಗೆ ರೆಡಿಮೇಡಿನ ಹುಚ್ಚು ಎಂದು ಅದನ್ನೂ ಹೇಳಿಕೊಂಡು ನಕ್ಕವಳು ನಾನು. ಇಪ್ಪತ್ತೆಂಟು ವರ್ಷವಾಯಿತು. ತಪ್ಪಾಯಿತು, ಮಗಳೇ. ಬಂದಾಗ ನಿನಗೊಂದು ಅಂಗಿ ಹೊಲಿಯುವ ಆಸೆಯಿದೆ. ನೀನು ಬೇಡ ಎಂದರೆ ಯಾಕೆ ಎಂದು ಕೇಳುವುದಿಲ್ಲ.