ಕೆಂಪು ಚೀಟಿಯ ಇಲಿಗಳು

ಮಾರೇನಹಳ್ಳಿ
೯-೨-೧೯೭೫, ಭಾನುವಾರ

ಸೌಭಾಗ್ಯವತಿ ಅಂಜಮ್ಮನಿಗೆ,

ಗಂಡನಾದವನು ಆಶೀರ್ವಾದ ಎಂದು ಬರೆಯಬೇಕಂತೆ. ನಾನು ಅಷ್ಟು ದೊಡ್ಡವನಲ್ಲ ಎಂದು ಈಚೆಗೆ ಗೊತ್ತಾಗಿದೆ, ಆದ್ದರಿಂದ ನಮಸ್ಕಾರ. ಇಲ್ಲಿ ನಾನು, ಅಮ್ಮ, ನಲವತ್ತು ಇಲಿಗಳು ಎಲ್ಲರೂ ಕ್ಷೇಮ. ಕೆಂಗೇರಿಯಲ್ಲಿ ನಿನ್ನ ಅಣ್ಣನ ಮನೆಯವರು, ಎಮ್ಮೆ, ಈ ಕಾಗದ ಓದಿ ಹೇಳುತ್ತಿರುವ ಏಕಾಂತಯ್ಯ ಮೇಷ್ಟ್ರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮೂರನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ಮೇಷ್ಟ್ರು ಕನ್ನಡಕ ಒರೆಸಿಕೊಳ್ಳಲಿ.

ನೀನು ಹೋಗಿ ಐದು ತಿಂಗಳಾಯಿತು. ಬೀದಿ ನಲ್ಲಿಯ ಹತ್ತಿರ, ಅಷ್ಟು ಹೆಂಗಸರ ಎದುರಿಗೆ, ಹನ್ನೆರಡು ವರ್ಷವಾದರೂ ಕಾಯಿ ಬಿಡದ ಮರ ಎಂದು ಅಮ್ಮ ನಿನ್ನನ್ನು ಅಂದಳು. ನೀನು ಕೊಡ ಅಲ್ಲೇ ಇಟ್ಟು ನಡೆದುಬಿಟ್ಟೆ. ನಾನು ಆವತ್ತೂ ಒಂದು ಜೋಕು ಹೊಡೆದೆ. ಏನೆಂದು ನೆನಪಿಲ್ಲ. ನೀನು ನಗಲಿಲ್ಲ ಅನ್ನುವುದು ನೆನಪಿದೆ.

ಈಗ ಇಲಿ ವಿಷಯ. ಆಸ್ಪತ್ರೆಯ ಎಕ್ಸ್‌ರೇ ರೂಮು ಬಿಟ್ಟು ರಾಜಾಜಿನಗರದ ಲ್ಯಾಬಿಗೆ ಸೇರಿದೆನಲ್ಲ, ಅಲ್ಲಿ ನನ್ನದು ಇಲಿ ಮನೆಯ ಯಜಮಾನಿಕೆ. ವತ್ಸಲಾ ಮೇಡಂ ಗಂಡು ಇಲಿಗಳ ಮೇಲೆ ಎಕ್ಸ್‌ರೇ ಕಿರಣ ಬಿಡುತ್ತಾರೆ. ಆ ಕಿರಣ ಹೆಚ್ಚಾದರೆ ಗಂಡಸಿನ ಬೀಜ ಸುಟ್ಟುಹೋಗುತ್ತದಂತೆ. ಸುಡದ ಹಾಗೆ ಕಾಯುವ ಗುಣ ನೆಲ್ಲಿಕಾಯಿ ರಸಕ್ಕೆ ಇದೆಯೇ ಎಂದು ಅವರು ನೋಡಬೇಕು. ಅದಕ್ಕೆ ಹಸಿರು ಚೀಟಿಯ ಹತ್ತು ಪಂಜರಕ್ಕೆ ರಸ, ಕೆಂಪು ಚೀಟಿಯ ಹತ್ತಕ್ಕೆ ಬರೀ ನೀರು. ಆಮೇಲೆ ಹೆಣ್ಣು ಇಲಿ ಬಿಟ್ಟು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು ಎಂದು ಎಣಿಸುವುದು.

ಮಧ್ಯಾಹ್ನ ಅಲ್ಲಿ ಜಾಲರಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಸ್ಟೂಲಿನ ಮೇಲೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ. ಒಂದು ದಿನ ಕನಸಿನಲ್ಲಿ ಕೆಂಪು ಚೀಟಿಯ ಹತ್ತೂ ಇಲಿಗಳು ಬಿಳಿ ಪಂಚೆಯುಟ್ಟು ನಮ್ಮ ಬೀದಿ ನಲ್ಲಿಗೆ ಕ್ಯೂ ನಿಂತಿದ್ದವು. ಮೊದಲನೆಯದರ ಕೈಯಲ್ಲಿ ನೀನು ಬಿಟ್ಟುಹೋದ ಕೊಡ. ನಲ್ಲಿಯಿಂದ ನೀರಲ್ಲ, ಬೆಳಕು ಸುರಿಯುತ್ತಿತ್ತು. ತಮ್ಮ ಮನೆಯವನನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದವು. ಎದ್ದವನೇ ಮಿಕ್ಕ ರಸವನ್ನು ಅವಕ್ಕೂ ಕುಡಿಸಿದೆ. ಅಲ್ಲಿಂದ ದಿನಾ ಕುಡಿಸಿದೆ.

ಸಂಕ್ರಾಂತಿ ಹೊತ್ತಿಗೆ ಕೆಂಪಿನಲ್ಲೂ ಹಸಿರಿನಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಮರಿ. ನಾನು ಶಿಳ್ಳೆ ಹಾಕಿದೆ, ಮೇಡಂ ತಲೆ ಹಿಡಿದುಕೊಂಡು ಕೂತರು. ಬರೀ ನೀರು ಕುಡಿದವಕ್ಕೂ ಮರಿಯಾಗಿದೆ, ಇಷ್ಟು ಕಿರಣದಿಂದ ಏನೂ ತೊಂದರೆ ಇಲ್ಲ ಎಂದು ಬರೆಯಬೇಕಾಗುತ್ತದೆ ಎಂದರು. ನನ್ನ ಶಿಳ್ಳೆ ನಿಂತುಹೋಯಿತು. ಹಾಗೆ ಅಚ್ಚಾದರೆ, ಅಳುವ ಮಕ್ಕಳನ್ನು ಎಕ್ಸ್‌ರೇಗೆ ಹಿಡಿದು ನಿಲ್ಲುವ ಅಟೆಂಡರುಗಳಿಗೆ ಕಿರಣ ತಡೆಯುವ ಸೀಸದ ಅಂಗಿ ಯಾರು ಕೊಡುತ್ತಾರೆ? ನಾನು ಆ ಅಂಗಿ ಇಲ್ಲದೆ ಒಂಬತ್ತು ವರ್ಷ ನಿಂತವನು. ಕೆಲಸ ಹೋದರೆ ಹೋಗಲಿ ಎಂದು ಕೆಂಪಿಗೂ ರಸ ಕುಡಿಸಿದ್ದನ್ನು ಹೇಳಿಬಿಟ್ಟೆ.

ಮೇಡಂ ತಲೆಯಿಂದ ಕೈ ತೆಗೆದರು. "ಯಾಕೆ ಕೊಟ್ಟೆ ಕೆಂಚಪ್ಪ?" ಎಂದರು.

"ಅವುಗಳ ಹೆಂಡ್ತೀರನ್ನ ಯಾರಾದ್ರೂ ನಲ್ಲಿ ಹತ್ರ ಬಂಜೆ ಅಂದ್ಬಿಟ್ರೆ ಅಂತ ಮೇಡಂ," ಎಂದೆ.

ಜೋಕು ಎಂದೇ ಹೊರಟ ಮಾತು. ಹೇಳಿದವನೇ ತಿರುಗಿ ಪಂಜರಗಳಿಗೆ ನೀರು ತುಂಬತೊಡಗಿದೆ. ಕೆಲಸವೇನೂ ಹೋಗಲಿಲ್ಲ. ಎಲ್ಲ ಮೊದಲಿಂದ ಶುರು, ರಸದ ಬೀರುವಿನ ಬೀಗದ ಕೈ ಮಾತ್ರ ಈಗ ಮೇಡಂ ಹತ್ತಿರ.

ಇಲಿಗಳ ನಿಜ ಒಪ್ಪಿಕೊಂಡಾಯಿತು, ನನ್ನದು ಉಳಿದಿದೆ. ಅಂಜಮ್ಮ, ಹೋದ ವರ್ಷ ನಿನಗೆ ಹೇಳದೆ ಪರೀಕ್ಷೆ ಮಾಡಿಸಿಕೊಂಡಿದ್ದೆ. ಕೊರತೆ ನನ್ನದು. ಕಿರಣದಿಂದಲೇ ಆದದ್ದು ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಆ ಕಾಗದ ಟ್ರಂಕಿನ ತಳದಲ್ಲಿ, ನನ್ನ ಮದುವೆ ಪೇಟದ ಕೆಳಗಿತ್ತು. ನೀನು ಕೊಡ ಇಟ್ಟು ಹೋದಾಗಲೂ ಅಲ್ಲೇ ಇತ್ತು. ಕೆಂಪು ಚೀಟಿ ನನ್ನ ಪಂಜರದ್ದು. ಅದನ್ನು ನಿನಗೆ ಅಂಟಿಸಿದರು, ನಾನು ನೋಡುತ್ತಾ ನಿಂತೆ.

ಬೆಳಿಗ್ಗೆ ಅಮ್ಮನಿಗೂ ಹೇಳಿದೆ. ಆಗಿನಿಂದ ಹುಣಸೆಹಣ್ಣು ಹಾಕಿ ನಿನ್ನ ಕೊಡವನ್ನು ತಿಕ್ಕುತ್ತಿದ್ದಾಳೆ, ಇನ್ನೂ ತಿಕ್ಕುತ್ತಲೇ ಇದ್ದಾಳೆ.

ಬಾ ಎನ್ನುವ ಮುಖ ನನಗಿಲ್ಲ. ನಾನೂ ಈಗ ದಿನಾ ಎರಡು ನೆಲ್ಲಿಕಾಯಿ ತಿನ್ನುತ್ತೇನೆ, ಮಳೆ ನಿಂತ ಮೇಲೆ ಕೊಡೆ ಬಿಚ್ಚಿದ ಹಾಗೆ. ಆಮೇಲೆ ನೀರು ಕುಡಿದರೆ ಬಾಯಿ ಸಿಹಿಯಾಗುತ್ತದೆ. ಆಗ ನಿನ್ನ ನೆನಪಾಗುತ್ತದೆ.

ನಿನ್ನ
ಕೆಂಚಪ್ಪ

ತಾ.ಕ.: ಏಕಾಂತಯ್ಯ ಮೇಷ್ಟ್ರೇ, ನೀವು ಒಳ್ಳೆಯವರು, ಇದನ್ನು ಅವಳೊಬ್ಬಳಿಗೇ ಕೇಳುವ ಹಾಗೆ ಮೆಲ್ಲಗೆ ಓದಿರುತ್ತೀರಿ. ದಯವಿಟ್ಟು ಜಗಲಿ ಮೇಲೆ ಕೂತು ಇನ್ನೊಂದು ಸಲ ಗಟ್ಟಿಯಾಗಿ ಓದಿ. ಅಮ್ಮ ಅಂದ ಮಾತು ಕೆಂಗೇರಿಯವರೆಗೂ ಬಂದಿತ್ತಂತೆ, ಇದೂ ಅಷ್ಟು ದೂರ ಹೋಗಲಿ. ಇಲ್ಲಿ ನಲ್ಲಿಯ ಹತ್ತಿರ ನಾನೇ ಓದಿ ಬಂದೆ. ಯಾರೂ ನಗಲಿಲ್ಲ. ನನ್ನ ಜನ್ಮದಲ್ಲಿ ಅದೇ ಮೊದಲು.