ಸೊಸೆಯ ಮೂಗಿನ ಸಾಕ್ಷಿ

ಮನೆಯಿಂದ,
ಬಾಟಲಿ ತುಂಬುವ ಕೋಣೆ,
ಏಪ್ರಿಲ್ ೯, ಬೆಳಿಗ್ಗೆ

ಪ್ರೀತಿಯ ಮಾವನವರಿಗೆ, ನಿಮ್ಮ ಸೀನಮ್ಮ ಕೈಮುಗಿದು ಬರೆಯುವುದು.

ಕಣ್ಣು ಹೇಗಿದೆ ಮಾವ? ಪೊರೆ ತೆಗೆದ ಮೇಲೆ ನೀರು ಸೋರುತ್ತಿತ್ತಲ್ಲ, ಅದು ನಿಂತಿತೇ? ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಮನೆಯ ವರಾಂಡದಲ್ಲಿ ಕೂತರೆ ಮೊಮ್ಮಗಳು ನಿಮ್ಮನ್ನು ‘ಕಳ್ಳ ತಾತ’ ಎನ್ನುತ್ತಾಳಂತೆ, ನಾದಿನಿ ಹೇಳಿ ನಕ್ಕಳು. ಡಾಕ್ಟರು ಹೇಳುವವರೆಗೆ ನೀವು ಅಕ್ಷರ ಓದುವಂತಿಲ್ಲ, ಆದ್ದರಿಂದ ಈ ಕಾಗದವನ್ನು ಅವಳೇ ಓದಿ ಹೇಳುತ್ತಾಳೆಂದು ಗೊತ್ತು. ಅವಳ ಗಂಟಲು ಮೊದಲೇ ದೊಡ್ಡದು. ನಾದಿನಿ, ಕಿಟಕಿ ಮುಚ್ಚಿ ಓದಮ್ಮ, ನನ್ನ ಮಾನವನ್ನು ಬೀದಿಗೆಲ್ಲ ಹಂಚಬೇಡ.

ಕಣ್ಣಿಗಿಂತ ನನಗೆ ನಿಮ್ಮ ದಮ್ಮಿನದೇ ಯೋಚನೆ. ನಿನ್ನೆ ನಾದಿನಿ ಫೋನ್ ಮಾಡಿದ್ದಳು. ಅವರ ಮನೆಯ ಹಿಂದಿನ ಮೈದಾನದಲ್ಲಿ ಹುಲ್ಲು ಹೂಬಿಟ್ಟಿದೆಯಂತೆ. ಗಾಳಿ ಬೀಸಿದರೆ ನಿಮ್ಮ ಎದೆ ಸಿಳ್ಳೆ ಹೊಡೆಯುತ್ತದಂತೆ, ಮೆಟ್ಟಿಲು ಹತ್ತುವಾಗ ನಡುವೆ ಗೋಡೆ ಹಿಡಿದು ನಿಲ್ಲುತ್ತೀರಂತೆ. ಅವಳು ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಹೊಸ ಪಫರ್ ತಂದು ದಿಂಬಿನ ಪಕ್ಕ ಇಟ್ಟರೆ ನೀವು ಕೈಯಲ್ಲೂ ಮುಟ್ಟಲಿಲ್ಲವಂತೆ. ‘ನನ್ನ ಸೊಸೆಗೇ ಜೇನಲ್ಲಿ ವಾಸಿ ಆಯ್ತು, ಹುಳ ಸಾಕಿದವನಿಗೆ ಆಗಲ್ವಾ?’ ಅಂದಿರಂತೆ. ಅವಳು ಅದನ್ನು ತಮಾಷೆಗೆ ಹೇಳಿದಳು. ನಾನು ಹೂಂ ಹೂಂ ಅಂದು ಫೋನ್ ಇಟ್ಟೆ. ಹೇಳಬೇಕಾದ ಮಾತು ಬಿಸಿತುಪ್ಪದ ಹಾಗೆ ಬಾಯಲ್ಲೇ ಇತ್ತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅದಕ್ಕೇ ಈ ಕಾಗದ ಬರೆಯಲು ಕೂತಿದ್ದೇನೆ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ, ಅಷ್ಟರಲ್ಲಿ ಒಂದಿಷ್ಟು ಧೈರ್ಯ ಬರಲಿ. ಬೇಲಿ ಪಕ್ಕದ ಆ ಮುಂಗೋಪಿ ಜೇನುಪೆಟ್ಟಿಗೆ ಇದೆಯಲ್ಲ, ಅದರ ಹತ್ತಿರ ನಿಮ್ಮ ಮಗ ಮುಖಪರದೆ ಇಲ್ಲದೆ ಹೋಗಿ ಕಿವಿಗೆ ಕಚ್ಚಿಸಿಕೊಂಡು ಬಂದರು. ಕಿವಿ ಊದಿಕೊಂಡೇ ವ್ಯಾನ್ ಓಡಿಸುತ್ತಿದ್ದಾರೆ, ಅಂಗಡಿಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಉಳಿದ ಹುಳಗಳೆಲ್ಲ ಸೌಖ್ಯ. ಮಾರಾಟವೂ ಚೆನ್ನಾಗಿದೆ. ನೀವು ಮುಂಬಾಗಿಲ ಕಪ್ಪು ಹಲಗೆಯಲ್ಲಿ ‘ಸೀನುತ್ತಿದ್ದ ಸೊಸೆಗೆ ಗುಣ ಕೊಟ್ಟ ಜೇನು’ ಎಂದು ಬರೆದು ಹೋದಿರಿ ನೋಡಿ, ಬಂದವರು ಜೇನು ನೋಡುವ ಮೊದಲು ನನ್ನ ಮೂಗು ನೋಡುತ್ತಾರೆ. ಎದುರುಮನೆ ಟೈಲರಮ್ಮನಂತೂ ಕನ್ನಡಕ ಸರಿಮಾಡಿಕೊಂಡು, ಬಟ್ಟೆಯ ಹೊಲಿಗೆ ಪರೀಕ್ಷೆ ಮಾಡುವ ಹಾಗೆ ನೋಡಿದರು. ‘ಅಂದ್ರೆ ನಾನೂ ಸೀನಿನ ಮಾತ್ರೆ ಬಿಟ್ಟುಬಿಡ್ಲೇನಮ್ಮಾ?’ ಎಂದು ಕೇಳಿದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಡಾಕ್ಟರನ್ನು ಕೇಳಿ ಎಂದು ಹೇಳಿ ಒಳಗೆ ಬಂದೆ.

ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಪಾಡು ನಿಮಗೆ ನೆನಪಿದೆಯಲ್ಲ? ಹೂವಿನ ಕಾಲ ಬಂತೆಂದು ಮನೆಮಂದಿಯೆಲ್ಲ ಹಿಗ್ಗುತ್ತಿದ್ದರೆ ನಾನು ಟವೆಲ್ಲಿನಲ್ಲಿ ಮುಖ ಹುದುಗಿಸಿ ಕೂತಿರುತ್ತಿದ್ದೆ. ಕಣ್ಣು ಕೆಂಡ, ಮೂಗು ಟೊಮೆಟೊ. ಸೀನು ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ. ಜೇನು ಸೋಸುವ ಕಡೆಗೆ ಅತ್ತೆ ನನ್ನನ್ನು ಸುಳಿಯಗೊಡುತ್ತಿರಲಿಲ್ಲ. ‘ಜೇನು ಮಾರೋ ಮನೆಗೆ ಹೂವು ಕಂಡ್ರಾಗದ ಸೊಸೆ’ ಎಂದು ನಕ್ಕು, ಸೀನಮ್ಮ ಎಂದು ಹೆಸರಿಟ್ಟವರು ನೀವು. ಯಾರು ಏನು ಹೇಳಿದರೂ ಮಾಡಿದೆ. ಉಪ್ಪುನೀರಿನಲ್ಲಿ ಮೂಗು ತೊಳೆದೆ, ಅದರಿಂದ ಸ್ವಲ್ಪ ಹಾಯೆನಿಸುತ್ತಿತ್ತು, ಈಗಲೂ ತೊಳೆಯುತ್ತೇನೆ. ಆವಿ ತೆಗೆದುಕೊಳ್ಳಲು ಹೋಗಿ ಗಲ್ಲ ಸುಟ್ಟುಕೊಂಡೆ. ಸೂಜಿ ಚುಚ್ಚುವ ವೈದ್ಯರ ಹತ್ತಿರ ನಿಮ್ಮ ಮಗ ಕರೆದುಕೊಂಡು ಹೋದರು. ಮುಖದ ತುಂಬ ಸೂಜಿ ಇಟ್ಟುಕೊಂಡು ಮಲಗಿದ್ದಾಗಲೇ ಸೀನು ಬರಬೇಕೇ! ಪಾಪ, ವೈದ್ಯರು ಗೋಡೆಗೆ ಅಂಟಿಕೊಂಡುಬಿಟ್ಟರು. ನೆಗಡಿಗೆ ಹೆದರಿ ಮೂಗು ಕೊಯ್ದುಕೊಳ್ಳುವುದೊಂದು ಬಾಕಿ ಇತ್ತು.

ಆಮೇಲೆ ಅತ್ತೆ ಹೋದರು. ನೀವು ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆಯ ಮುಂದೆ ಕೂತು ಹಾಗೆಯೇ ಎದ್ದುಬಿಡುತ್ತಿದ್ದಿರಿ. ಅಂಥ ಒಂದು ಬೆಳಿಗ್ಗೆ ನಾನು ಸೀನಿ ಸೀನಿ ಸುಸ್ತಾಗಿ ಹಿತ್ತಲ ಬಾಗಿಲಲ್ಲಿ ಕುಸಿದು ಕೂತಿದ್ದೆ. ನೀವು ನೋಡಿದಿರಿ, ಮುಖಪರದೆ ಹುಡುಕಿ ಹಾಕಿಕೊಂಡು ಹೊರಟಿರಿ. ಬರುವಾಗ ಬಟ್ಟಲಲ್ಲಿ ಜೇನೆರಿಯ ತುಂಡು ಇತ್ತು. ‘ಇದು ಇಲ್ಲಿನದೇ ಹೂವಿನ ಜೇನು. ಆ ಹೂವಿನ ಪುಡಿನೂ ಇದ್ರಲ್ಲಿರುತ್ತೆ. ದಿನಾ ಚೂರು ಚೂರು ತಿಂದ್ರೆ ಮೈಗೆ ರೂಢಿ ಆಗುತ್ತೆ, ಬಾಯಿ ತೆಗಿ’ ಅಂದಿರಿ. ಆಮೇಲೆ ದಿನಾ ಬೆಳಿಗ್ಗೆ ಚಮಚ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಿರಿ. ನನಗೆ ತಿನ್ನಿಸಿ ಪೆಟ್ಟಿಗೆಗಳ ಕಡೆ ಹೋಗುತ್ತಿದ್ದಿರಿ, ಹೋದವರು ಏನೋ ಗುನುಗುತ್ತಾ ಬರುತ್ತಿದ್ದಿರಿ. ಹೆತ್ತ ಅಪ್ಪನೂ ನನಗೆ ಹಾಗೆ ಕೈಯಾರೆ ತಿನ್ನಿಸಿದ್ದು ಕಾಣೆ ಮಾವ.

ಆದರೆ ಜೇನಿಗೆ ನನ್ನ ಸೀನು ಜಗ್ಗಲಿಲ್ಲ. ಅಯ್ಯೋ, ಈ ಒಂದು ಸಾಲು ಬರೆಯಲು ಇಷ್ಟು ಸುತ್ತಿಬಂದೆ. ಅದನ್ನು ಆಗಲೇ ನಿಮಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಗೆಳತಿಯ ಮನೆಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ, ಕಿವಿ ಮೂಗು ಗಂಟಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಮುಂಗೈ ಮೇಲೆ ಸಾಲಾಗಿ ಹನಿ ಬಿಟ್ಟು ಮೆಲ್ಲಗೆ ಚುಚ್ಚಿದರು. ಹುಲ್ಲಿನ ಪರಾಗದ ಹನಿ ಬಿದ್ದ ಕಡೆ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು. ‘ನಿಮಗೆ ಆಗದೇ ಇರೋದು ಗಾಳಿಯಲ್ಲಿ ಹಾರೋ ಹುಲ್ಲಿನ ಪರಾಗ. ಜೇನುಹುಳ ಹೋಗೋದು ಹೆಚ್ಚಾಗಿ ಬಣ್ಣದ ಹೂವಿಗೆ. ಆ ಜೇನು ತಿಂದು ಈ ಹುಲ್ಲು ರೂಢಿ ಆಗೋದು ಹೇಗಮ್ಮ? ರುಚಿಗೆ ತಿನ್ನಿ, ಔಷಧಿ ಅಂತ ಬೇಡ’ ಎಂದರು. ದಿನಕ್ಕೊಂದು ಮಾತ್ರೆ ಕೊಟ್ಟರು, ಮೂಗಿಗೆ ಹೊಡೆದುಕೊಳ್ಳಲು ಸ್ಪ್ರೇ ಕೊಟ್ಟರು. ಹುಲ್ಲು ಹೂಬಿಡುವ ಮೊದಲೇ ಶುರು ಮಾಡಬೇಕು, ಹೊರಗಿಂದ ಬಂದರೆ ತಲೆ ತೊಳೆಯಬೇಕು, ಬಟ್ಟೆ ಬಯಲಲ್ಲಿ ಒಣಗಹಾಕಬಾರದು ಎಂದೆಲ್ಲ ಹೇಳಿದರು. ಕೆಲವೇ ದಿನದಲ್ಲಿ ಮೂಗು ಬಿಚ್ಚಿತು. ಹೂವಿನ ಕಾಲದಲ್ಲೂ ಕಾಫಿಗೆ ಇಂಥ ಪರಿಮಳ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನನ್ನ ಸೀನು ನಿಂತದ್ದು ಕಂಡು ನೀವು ಕುಣಿಯುವುದೊಂದು ಉಳಿದಿತ್ತು. ಬಂದವರಿಗೆಲ್ಲ ‘ನನ್ನ ಸೊಸೆಯನ್ನೇ ನೋಡಿ’ ಎಂದು ಡಂಗುರ ಸಾರಿದಿರಿ. ನಿಮ್ಮ ಮಗನಿಗೆ ನಿಜ ಹೇಳಿದೆ. ‘ಸುಮ್ನಿರು ಮಾರಾಯ್ತಿ, ಅಪ್ಪ ಈಗಷ್ಟೇ ನಗ್ತಿದ್ದಾರೆ’ ಎಂದರು. ನನಗೂ ಅಷ್ಟೇ ಬೇಕಿತ್ತು. ಮಾತ್ರೆಗಳನ್ನು ಬಾಟಲಿ ಮುಚ್ಚಳದ ಡಬ್ಬದ ತಳದಲ್ಲಿ ಬಚ್ಚಿಟ್ಟೆ. ನಿಮ್ಮ ಕೈಯಿಂದ ಜೇನು ತಿಂದು, ನೀವು ಅತ್ತ ಹೋದ ಮೇಲೆ ಮಾತ್ರೆ ನುಂಗುತ್ತಿದ್ದೆ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ. ಇದರಿಂದ ಯಾರಿಗೇನು ನಷ್ಟ ಅಂದುಕೊಂಡೆ. ನನ್ನನ್ನು ನೋಡಿ ನೀವೇ ನಿಮ್ಮ ಔಷಧಿ ಬಿಡುತ್ತೀರೆಂದು ಹೊಳೆಯಲಿಲ್ಲ. ನೀವು ಮಗಳ ಊರಿಗೆ ಹೋದ ಮೇಲೆ ನಿಮ್ಮ ಕಪಾಟು ಒರೆಸುವಾಗ, ಸೀಲು ಕೂಡ ಒಡೆಯದ ಪಫರುಗಳು ಕಂಡವು. ಹಳೆಯವಿರಬೇಕು ಅಂದುಕೊಂಡು ಬಾಗಿಲು ಮುಚ್ಚಿದೆ. ಇಲ್ಲ ಮಾವ, ಇದೂ ಸುಳ್ಳು. ಹಾಗೆ ಅಂದುಕೊಳ್ಳಲಿಲ್ಲ. ನೋಡಿದ ತಕ್ಷಣ ಎಲ್ಲ ಅರ್ಥವಾಯಿತು, ಅರ್ಥವಾಗದವಳ ಹಾಗೆ ಮುಚ್ಚಿದೆ. ಅವತ್ತೇ ಫೋನ್ ಮಾಡಿದ್ದರೆ ಇವತ್ತು ನೀವು ಗೋಡೆ ಹಿಡಿದು ನಿಲ್ಲಬೇಕಾಗಿರಲಿಲ್ಲ.

ಇವತ್ತು ಎದ್ದವಳೇ ಮೊದಲು ಆ ಹಲಗೆ ಒರೆಸಿದೆ. ಟೈಲರಮ್ಮನ ಮನೆಗೆ ಹೋಗಿ, ಮಾತ್ರೆ ಬಿಡಬೇಡಿ, ನಾನೂ ತೆಗೆದುಕೊಳ್ಳುತ್ತೇನೆ ಎಂದು ಹೇಳಿಬಂದೆ. ಅವರು ‘ಹೋಗ್ಲಿ ಬಿಡು, ಜೇನಂತೂ ಚೆನ್ನಾಗಿದೆ, ಇನ್ನೊಂದು ಬಾಟ್ಲಿ ಕೊಡು’ ಎಂದರು. ಅವರಿಗೆ ಹೇಳುವುದು ಸುಲಭವಾಗಿತ್ತು. ನಿಮಗೆ ಹೇಳಲು ಇಷ್ಟುದ್ದದ ಕಾಗದ ಬೇಕಾಯಿತು. ನಿಮ್ಮ ಜೇನಿಗೆ ದೋಷವಿಲ್ಲ ಮಾವ, ನಿಮ್ಮ ಕೈಗೂ ಇಲ್ಲ. ಸುಳ್ಳು ನನ್ನದು. ಬೈಯಿರಿ, ಮಾತು ಬಿಡಿ, ಬಂದ ಮೇಲೆ ನನ್ನ ಕೈಯ ನೀರು ಬೇಡ ಅನ್ನಿ, ಎಲ್ಲ ಸರಿ. ಆದರೆ ದಿಂಬಿನ ಪಕ್ಕದ ಪಫರ್ ತೆಗೆದುಕೊಳ್ಳಿ. ಈ ಸಾಲು ಕೇಳಿದ ಕೂಡಲೇ ತೆಗೆದುಕೊಳ್ಳಿ. ನಾದಿನಿ, ಅಪ್ಪ ಎಳೆದುಕೊಳ್ಳುವ ತನಕ ನೀನು ಮುಂದೆ ಓದಬೇಡ.

ಮೊಮ್ಮಗಳ ಎರಡೂ ಕೆನ್ನೆಗೆ ನನ್ನ ಮುತ್ತು. ಅಳಿಯಂದಿರಿಗೆ ನಮ್ಮಿಬ್ಬರ ನೆನಪು ತಿಳಿಸಿ. ಕಣ್ಣಿಗೆ ಹನಿ ಹಾಕುವುದನ್ನು ತಪ್ಪಿಸಬೇಡಿ. ನೀವು ನೂರು ಕಾಲ ನಮ್ಮ ತಲೆ ಮೇಲೆ ಇರಬೇಕು.

ನಿಮ್ಮ ಕ್ಷಮೆ ಕೇಳುವ,
ಸೀನಮ್ಮ

ತಾ.ಕ. ಲಕೋಟೆಗೆ ಅಂಟು ಹಚ್ಚುತ್ತಿದ್ದ ಹಾಗೇ ನಾದಿನಿಯ ಫೋನ್ ಬಂತು. ನಿಮಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಆಕ್ಸಿಜನ್ ಕೊಟ್ಟ ಮೇಲೆ ಮಾತಾಡುತ್ತಿದ್ದೀರಂತೆ, ಸದ್ಯ, ನನಗೆ ಹೋದ ಜೀವ ಬಂತು. ಆದರೆ ಪಫರ್ ಮಾತ್ರ ಈಗಲೂ ಬೇಡ ಅನ್ನುತ್ತಿದ್ದೀರಂತೆ. ನಾದಿನಿಗೆ ಎಲ್ಲವನ್ನೂ ಫೋನಿನಲ್ಲೇ ಒದರಿಬಿಟ್ಟೆ. ಅವಳು ಹೋಗಿ ನಿಮಗೆ ಹೇಳಿ, ತಿರುಗಿ ಫೋನ್ ಮಾಡಿದಳು. ‘ಅಪ್ಪ ನಂಬ್ತಾನೇ ಇಲ್ಲ ಅತ್ತಿಗೆ. ಔಷಧಿ ತಗೊಳ್ಳಲಿ ಅಂತ ನಾನು ಕತೆ ಕಟ್ಟಿದ್ದೀನಂತೆ. ನನ್ನ ಸೊಸೆ ಸುಳ್ಳು ಹೇಳೋಳಲ್ಲ ಅಂತ ನರ್ಸ್ ಹತ್ರ ಜಗಳ ಆಡ್ತಿದ್ದಾರೆ’ ಎಂದಳು. ನಿಮ್ಮ ಮಗ ವ್ಯಾನ್ ತೆಗೆದು ನಿಂತಿದ್ದಾರೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ಬಂದು ಹೇಳುತ್ತೇನೆ ಮಾವ.