ಹೊಟ್ಟೆಯಲ್ಲಿ ಮಗು ಇರಲಿಲ್ಲ

ತಲಾಸ್ ಕಣಿವೆ, ಕಾರಾ-ಬುರಾ
ಅಕ್ಟೋಬರ್ 19, ಭಾನುವಾರ

ಎರ್ಮೆಕ್, ನನ್ನ ಕಿರಿಮಗನೇ,

ಹೇಗಿದ್ದೀಯಪ್ಪ? ಬೆನ್ನುನೋವು ಇಳಿಯಿತೇ? ಆ ಪರದೇಶದ ಗೋದಾಮಿನಲ್ಲಿ ಭಾರ ಎತ್ತುವಾಗ ನಾನು ಕಳಿಸಿದ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಜೊತೆಯವರು ನಗುತ್ತಾರೆಂದು ಮಂಚದಡಿ ಎಸೆದಿದ್ದೀಯೋ? ಕಟ್ಟಿಕೋ. ನಕ್ಕವರು ಬಂದು ನಿನ್ನ ಮೂಟೆ ಹೊರುವುದಿಲ್ಲ. ಇಲ್ಲಿ ನಿಮ್ಮಪ್ಪ ಗುಂಡುಕಲ್ಲಿನಂತೆ ಇದ್ದಾರೆ. ನಿಮ್ಮಣ್ಣನ ಮೂರೂ ಮಕ್ಕಳಿಗೆ ನೆಗಡಿ ಬಂದು ಹೋಯಿತು. ಬೀನ್ಸ್ ಕಾಳು ಬಡಿದು ಮುಗಿಯಿತು. ನನಗೆ ಆಯಾಸ ಮಗನೇ, ಮಂಡಿಯ ಆಯಾಸವಲ್ಲ, ಅದು ಹಳೆಯದು. ಇದು ಬೇರೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಯ್ತಮ್ಮ, ಆಯ್ತಮ್ಮ" ಎಂದು ಎರಡು ಮಾತಿಗೆ ಕತ್ತರಿಸುತ್ತೀಯ. ಕಾಗದದ ಬಾಯಿಯನ್ನು ನೀನು ಮುಚ್ಚಲಾರೆ. ಪಕ್ಕದ ಮನೆ ಸೋನುನ್‌ಳ ಗಂಡ ಲಾರಿಗೆ ಕಾಳು ತುಂಬಿಸಿ ನಿಮ್ಮ ಕಡೆಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಪೂರ್ತಿ ಓದು.

ನಿನ್ನ ಹೆಂಡತಿ ಪೆರಿಜಾತ್ ಬಸುರಿಯಲ್ಲ. ಎಂದೂ ಆಗಿರಲಿಲ್ಲ. "ಮಗು ಕಳೆದುಹೋಯಿತು" ಎಂದು ನಿಮ್ಮಪ್ಪ ನಿನಗೆ ಹೇಳಿದ್ದು ಸುಳ್ಳು. ಆ ಸುಳ್ಳಿನ ಬೇರು ನಾನು.

ನೀನು ಮಾರ್ಚಿನಲ್ಲಿ ನೌರುಜ್ ಹಬ್ಬಕ್ಕೆ ಬಂದು ಇಪ್ಪತ್ತು ದಿನ ಇದ್ದು ಹೋದೆ. ಜುಲೈ ಹೊತ್ತಿಗೆ ಸೋನುನ್ ಬೇಲಿಯ ಮೇಲಿಂದ ಕತ್ತು ಚಾಚಿ, "ಏನೇ ಊಲ್ಕಾನ್, ನಿನ್ನ ಸೊಸೆ ಮೂರು ತಿಂಗಳಿಂದ ಒಂದು ದಿನವೂ ನಮಾಜು ಬಿಟ್ಟಿಲ್ವಲ್ಲೇ! ಕಣ್ಣಿಗೆ ಪೊರೆ ಬಂದಿದ್ಯಾ ನಿಂಗೆ?" ಅಂದಳು. ಮುಟ್ಟಾದ ಹೆಂಗಸು ತಿಂಗಳಿಗೊಮ್ಮೆ ನಮಾಜಿನ ಚಾಪೆ ಮಡಿಸಿಡಬೇಕಲ್ಲ, ಇವಳು ಮಡಿಸಿಯೇ ಇರಲಿಲ್ಲ. ಹೊಟ್ಟೆಯೂ ಮುಂದೆ ಬಂದಿತ್ತು. ಮದುವೆಯಾಗಿ ನಾಲ್ಕು ವರ್ಷ, ಊರಿನ ಬಾಯಿ ಮುಚ್ಚಿಸುವ ಹಸಿವು ನನಗೆ. ಅವಳನ್ನು ಕೇಳಲಿಲ್ಲ, ಡಾಕ್ಟರಿಗೆ ತೋರಿಸಲಿಲ್ಲ. ಕುರಿ ಕಡಿಸಿದೆ. ಅಟ್ಟದಿಂದ ನೀನು ಮಲಗಿದ್ದ ತೊಟ್ಟಿಲು ಇಳಿಸಿ ಎಣ್ಣೆ ಹಚ್ಚಿ ಒರೆಸಿದೆ. ಬೀದಿಯ ಹೆಂಗಸರೆಲ್ಲ ಬಂದರು. ಅವರಿಗೆ ಚಹಾ ಹಾಕಿದವಳು ಯಾರು? ಅವಳೇ. ಅರ್ಧರ್ಧ ಬಟ್ಟಲು ಹಾಕುವುದೇ ನಮ್ಮಲ್ಲಿ ಮರ್ಯಾದೆಯ ಅಳತೆ, ಮುಗಿದಂತೆಲ್ಲ ಮತ್ತೆ ಹಾಕಬೇಕು. ಇಪ್ಪತ್ತು ಹೆಂಗಸರು, ಒಬ್ಬೊಬ್ಬರಿಗೆ ಐದಾರು ಸಲ. ಬಸುರಿ ಎಂದು ಹೊಗಳುತ್ತಲೇ ಬಟ್ಟಲು ಚಾಚಿದೆವು, ಒಬ್ಬಳಾದರೂ "ಕೂತ್ಕೋ ಮಗಳೇ" ಅನ್ನಲಿಲ್ಲ.

ಅಡುಗೆಮನೆಯಲ್ಲಿ ಅವಳು ಅಮ್ಮ ಎಂದೇ ಕರೆದು, ನನ್ನ ಅಂಗಿಯ ಅಂಚಿಗೆ ಹೇಳುವಂತೆ ಹೇಳಿದಳು: "ಅಪಾ, ನಂಗೆ ಹಾಗನ್ನಿಸ್ತಿಲ್ಲ." ನಾನು ಏನೆಂದೆ ಗೊತ್ತೇ? "ನಿಂಗೇನೇ ಗೊತ್ತು, ಮೂರು ಹೆತ್ತವಳು ನಾನು. ಹೋಗು, ಚಹಾ ಆರ್ತಿದೆ." ಅತ್ತೆಯ ಮಾತಿಗೆ ಸೊಸೆ ಎರಡನೇ ಸಲ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಅನ್ನಲಿಲ್ಲ. ಎರಡು ತಿಂಗಳು ಇಲ್ಲದ ಮಗುವನ್ನು ಹೊತ್ತುಕೊಂಡು ತಿರುಗಿದಳು. ಕುರಿಬಾಲದ ಕೊಬ್ಬು ಬೇಯಿಸಿ ತಿನ್ನಿಸಿದೆ, ಕಣ್ಣು ಮುಚ್ಚಿ ನುಂಗಿದಳು. ಮುಖ ಊದಿತು, ಕೈಕಾಲು ಕಡ್ಡಿಯಾದವು, ಕೂದಲು ಹಿಡಿಹಿಡಿ ಉದುರಿತು. ನಾನು ಊರಿಗೆಲ್ಲ, "ನನ್ನ ಮನೆಯ ಅನ್ನ ನೋಡ್ರೇ, ಸೊಸೆ ಹೇಗೆ ತುಂಬ್ಕೊಂಡಿದಾಳೆ" ಎಂದು ಡಂಗುರ ಹೊಡೆದೆ.

ಸೆಪ್ಟೆಂಬರಿನಲ್ಲಿ ಕಾಳು ಬಡಿಯುವಾಗ ಟಾರ್ಪಾಲಿನ ಮೇಲೆ ಕುಸಿದು ಬಿದ್ದಳು. ಓಡಿಹೋದೆ. ನನ್ನ ಬಾಯಿಂದ ಬಂದದ್ದು "ಮಗೂಗೇನಾಯ್ತು?" ಎಂಬ ಮಾತು. ನಿನಗೇನಾಯಿತು ಎಂದು ಕೇಳಲಿಲ್ಲ. ಆ ಹೊತ್ತಿನಲ್ಲೂ ಅವಳು "ತಪ್ಪಾಯ್ತು ಅಪಾ" ಅಂದಳು.

ತಲಾಸ್ ಪಟ್ಟಣದ ಡಾಕ್ಟರ್ ದಾಮಿರಾ ಹೊಟ್ಟೆಯ ಸ್ಕ್ಯಾನ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿ, "ಖಾಲಿ" ಅಂದಳು. ರಕ್ತದೊತ್ತಡ ನೂರ ಅರವತ್ತು. ಇಪ್ಪತ್ತಾರರ ಹೆಣ್ಣಿಗೆ! ಗೆಡ್ಡೆ ಇರಬಹುದೆಂದು ಮೂರು ಸಲ ಓಡಾಡಿಸಿ ರಕ್ತ, ಉಚ್ಚೆ, ಚಿತ್ರ ಎಲ್ಲ ನೋಡಿದರು. ಗೆಡ್ಡೆ ಇಲ್ಲ. ಆಮೇಲೆ ಡಾಕ್ಟರು ಅವಳನ್ನು ಕೇಳಿದಳು, ಎಷ್ಟು ಹೊತ್ತಿಗೆ ಮಲಗ್ತೀಯ, ಯಾವಾಗ ಉಣ್ತೀಯ ಎಂದು. ನಾನು ಉತ್ತರ ಕೊಟ್ಟೆ. ಮತ್ತೆ ಕೇಳಿದಳು. ಮತ್ತೆ ನಾನೇ ಕೊಟ್ಟೆ. "ಅಜ್ಜೀ, ಹೊಟ್ಟೆ ನಿಮ್ದಾ ಅವಳ್ದಾ? ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಅಂದಳು ಆ ಗಯ್ಯಾಳಿ. ಕೂತೆ. ಬಾಗಿಲು ತೆಳು. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಸೊಸೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಕೇಳಿಸಿಕೊಂಡೆ. ನಾಲ್ಕಕ್ಕೆ ಏಳುವುದು, ಹಸು, ರೊಟ್ಟಿ, ನಿಮ್ಮಣ್ಣನ ಮಕ್ಕಳು, ಹೊಲ, ಎಲ್ಲರೂ ಉಂಡ ಮೇಲೆ ನಿಂತುಕೊಂಡೇ ಉಣ್ಣುವುದು. ದೂರು ಹೇಳುವ ದನಿಯೇ ಅಲ್ಲ ಅದು, ಅಂಗಡಿಯ ಚೀಟಿ ಓದಿದ ಹಾಗೆ.

ನಿನ್ನ ಪಾಲೂ ಅದರಲ್ಲಿತ್ತು. ನಿನ್ನ ಪಾಳಿ ಮುಗಿಯುವ ಹೊತ್ತಿಗೆ ಇವಳು ನಿದ್ದೆಗೆಟ್ಟು ಫೋನಿಗೆ ಕಾಯಬೇಕು. ಎತ್ತುವುದು ತಡವಾದರೆ ಎಲ್ಲಿದ್ದೆ, ಯಾರ ಜೊತೆ ಇದ್ದೆ. ಎತ್ತಿದರೆ "ನಿನ್ನ ಮುಖ ತಂದೂರಿ ರೊಟ್ಟಿ ಆಗಿದೆಯಲ್ಲೇ." ಆ ಮಾತು ಗೋಡೆಯಾಚೆ ನನಗೂ ಕೇಳಿಸಿತ್ತು ಮಗನೇ. ನಾನೂ ನಕ್ಕಿದ್ದೆ.

ಡಾಕ್ಟರು ನನ್ನನ್ನು ಒಳಗೆ ಕರೆದು ತಿಳಿಸಿದಳು. ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಎರಡು ಗ್ರಂಥಿಗಳಿವೆಯಂತೆ. "ತೋಳ ಬಂದ್ರೆ ಓಡ್ಬೇಕಲ್ಲ ಅಜ್ಜಿ, ಅದಕ್ಕೆ ಅವು ಒಂದು ರಸ ಬಿಡ್ತವೆ, ಕಾರ್ಟಿಸಾಲ್ ಅಂತ. ತೋಳ ಹೋದ್ಮೇಲೆ ಇಳೀಬೇಕು. ನಿಮ್ ಸೊಸೆಗೆ ರಾತ್ರಿಯೂ ಸರಿಯಾಗಿ ಇಳೀತಿಲ್ಲ. ಇಳೀದೇ ಇದ್ರೆ ನಿದ್ದೆ ಕೆಡುತ್ತೆ, ಕೊಬ್ಬು ಹೊಟ್ಟೆ ಸುತ್ತ ಕೂಡುತ್ತೆ, ಸಕ್ಕರೆ ಏರುತ್ತೆ, ಒತ್ತಡ ಏರುತ್ತೆ. ಇದು ಮಗು ಹೆರೋ ಕಾಲ ಅಲ್ಲ ಅಂತ ಮೈಯೇ ಮುಟ್ಟು ನಿಲ್ಲಿಸಿಬಿಡುತ್ತೆ." ನಾನು ಕೇಳಿದೆ: "ನಮ್ಮೂರಲ್ಲಿ ಈಗ ತೋಳ ಎಲ್ಲಿದೆಯಮ್ಮ?" ಡಾಕ್ಟರು ನನ್ನ ಮುಖ ನೋಡಿದಳು.

ಒತ್ತಡಕ್ಕೆ ಮಾತ್ರೆ ಕೊಟ್ಟಳು. ಉಳಿದದ್ದು ಎಂಟು ಗಂಟೆ ನಿದ್ದೆ, ಹೊತ್ತಿಗೆ ಸರಿಯಾಗಿ ಕೂತು ಊಟ, ಮೂರು ತಿಂಗಳು ಈ ದುಡಿಮೆಯಿಂದ ದೂರ. "ಇಲ್ದಿದ್ರೆ ಮೂವತ್ತೈದಕ್ಕೆ ಹೃದಯ ಹಿಡ್ಕೊಂಡು ಬರ್ತಾಳೆ, ಬಂದ್ರೆ." ಮನೆಯಲ್ಲಿ ಹೇಳಿದರೆ ನಿಮ್ಮಪ್ಪ, "ನಮ್ಮ ಕಾಲದ ಹೆಂಗಸರಿಗೆ ಹಾರ್ಮೋನೇ ಇರ್ಲಿಲ್ಲ" ಅಂದರು. "ಇತ್ತು. ನಿಮಗೆ ಕಿವಿ ಇರ್ಲಿಲ್ಲ" ಅಂದೆ. ನನಗೂ ಇಪ್ಪತ್ತೆಂಟರಲ್ಲಿ ಮುಖ ಊದಿತ್ತು. ನನ್ನತ್ತೆ ಅದನ್ನು ಸೋಮಾರಿತನದ ಕೊಬ್ಬು ಅಂದಿದ್ದಳು.

ನಾಚಿಕೆಯ ಮಾತು ಹೇಳುತ್ತೇನೆ. ಕುರಿ ಫಾರಮ್ಮಿನ ಉಣ್ಣೆ ಕತ್ತರಿಸುವ ತಂಡದಲ್ಲಿ ನಲವತ್ತು ಹೆಂಗಸರಿಗೆ ನಾನು ಮುಂದಾಳು. ಮಧ್ಯಾಹ್ನ ಬಿಸಿಯೂಟ, ಕಾಲು ಚಾಚಲು ಒಂದು ಕೋಣೆ ಕೊಡುವವರೆಗೆ ಕತ್ತರಿ ಮುಟ್ಟುವುದಿಲ್ಲವೆಂದು ನಿರ್ದೇಶಕನ ಮೇಜಿನ ಮೇಲೆ ಕತ್ತರಿ ಕುಟ್ಟಿದವಳು. ಗೆದ್ದವಳು. ಮನೆಗೆ ಬಂದರೆ ಹಿರಿಯರ ಮೇಲುಜಾಗದಲ್ಲಿ ಕೂತು ಸೊಸೆಯ ಮುಂದೆ ಬಟ್ಟಲು ಚಾಚಿದೆ. ಆಗ ನಿರ್ದೇಶಕ ನಾನೇ ಅಲ್ಲವೇ? ಯಾವ ಸಭೆಯಲ್ಲೂ ಯಾರೂ ಇದನ್ನು ಕೇಳಲಿಲ್ಲ, ಕೇಳಬೇಕಾದವಳು ಒಲೆಯ ಹತ್ತಿರ ಇದ್ದಳು.

ಅವಳು ಮೂರು ತಿಂಗಳು ತವರಿನಲ್ಲಿ ಮಲಗಬೇಕು. ಗಂಡನ ಮಾತಿಲ್ಲದೆ ಸೊಸೆ ವಾರ ಮೀರಿ ತವರಲ್ಲಿ ಉಳಿದರೆ ಬಿಟ್ಟುಬಂದವಳೆಂದು ಊರು ಬರೆದುಕೊಳ್ಳುತ್ತದೆ. ಅದರಲ್ಲೂ ಕಿರಿಮಗನ ಹೆಂಡತಿ, ಅತ್ತೆಮಾವನನ್ನು ಕೊನೆಯವರೆಗೆ ನೋಡಿಕೊಳ್ಳಬೇಕಾದವಳು. "ಹೋದ್ರೆ ಹೋದ ಹಾಗೇ" ಎಂದು ನಿಮ್ಮಪ್ಪ ಹಟ ಹಿಡಿದಿದ್ದಾರೆ. ನೀನು ಅವರಿಗೆ ಫೋನು ಮಾಡಿ, ನಾನೇ ಕಳಿಸಿದೆ ಅನ್ನು. ಒಂದೇ ವಾಕ್ಯ. ಅಷ್ಟು ಮಾಡು.

ಮೈ ಬೆಚ್ಚಗಿಟ್ಟುಕೋ. ಹಾಸ್ಟೆಲಿನ ಹುಡುಗರಿಗೆಲ್ಲ ಈ ಮುದುಕಿಯ ಹರಕೆ ತಿಳಿಸು. ನಿನ್ನ ದಾರಿ ಬೆಳಕಾಗಿರಲಿ, ನಿನ್ನ ಹಣೆ ಯಾರ ಬಾಗಿಲಿಗೂ ತಾಗದಿರಲಿ.

ನಿನ್ನ ತಾಯಿ,
ಊಲ್ಕಾನ್

ತಾ.ಕ.: ಲಾರಿ ಹಾರನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಅವಳನ್ನು ನಿನ್ನೆ ಬೆಳಿಗ್ಗೆಯೇ ಕಳಿಸಿದೆ, ನಿನ್ನ ಒಪ್ಪಿಗೆಗೆ ಕಾಯಲಿಲ್ಲ. ವ್ಯಾನು ಹತ್ತುವಾಗ, "ಯಾವಾಗ ವಾಪಸ್ ಬರ್ಲಿ ಅಪಾ?" ಎಂದು ಕೇಳಿದಳು. ಬರಬೇಡ ಅಂದೆ. ಬೈದೆ ಅಂದುಕೊಂಡು ಅತ್ತಳು, ಕೈ ಹಿಡಿದು ಮತ್ತೆ ಹೇಳಿದೆ: ಈ ಮನೆಗೆ ಸೊಸೆಯಾಗಿ ಮತ್ತೆ ಬರಬೇಡ. ಮಗನೇ, ನಿನಗೆ ಹೆಂಡತಿ ಬೇಕಿದ್ದರೆ ಅವಳ ತವರಿಗೆ ಹೋಗಿ ಕೇಳು. ಅವಳು ಹೂಂ ಅಂದರೆ ನೀನಿರುವ ಕಡೆ ಕರೆದುಕೊಂಡು ಹೋಗು. ಇಲ್ಲಿಗೆ ತರಬೇಡ, ನಾನು ಸಾಯುವಾಗಲೂ ತರಬೇಡ.